ವಯಸ್ಸು ಕೇಳಿದ್ದೇ ತಪ್ಪಾಯ್ತಾ?

ಅಮೆರಿಕದ ನಮ್ಮ ಆಫೀಸಿನಲ್ಲಿ ನನಗೊಂದು ಸಂಬಳವಿಲ್ಲದ ಹುದ್ದೆ ಇದೆ. ಏಷ್ಯಾ ಖಂಡದ ವಕ್ತಾರ. ಯಾರಾದರೂ ಆ ಕಡೆ ಪ್ರವಾಸ ಹೊರಟರೆ ಸಾಕು, ಕಾಫಿ ಕಪ್ ಹಿಡಿದು ನನ್ನ ಟೇಬಲ್ ಹತ್ತಿರ ಬರುತ್ತಾರೆ. ಟೋಕಿಯೊದಲ್ಲಿ ಟಿಪ್ಸ್ ಎಷ್ಟು ಕೊಡಬೇಕು? ಬಾಲಿಯಲ್ಲಿ ನಲ್ಲಿ ನೀರು ಕುಡಿಯಬಹುದಾ? ನಾನು ಎರಡೂ ಕಡೆ ಹೋದವನಲ್ಲ. ಜಗತ್ತಿನ ಅರ್ಧಕ್ಕಿಂತ ಜಾಸ್ತಿ ಜನ ಇರುವ ಖಂಡ ಅದು. ಇಸ್ತಾಂಬುಲ್‌ನಿಂದ ಟೋಕಿಯೊಗೆ ಸುಮಾರು 9,000 ಕಿಲೋಮೀಟರ್. ಅಷ್ಟಕ್ಕೂ ನಾನೊಬ್ಬನೇ ಜವಾಬ್ದಾರಿ ಅಂದ್ರೆ ಹೇಗೆ? ಆದರೂ ಗೂಗಲ್ ಮಾಡಿ ಹೇಳುತ್ತೇನೆ. (ಟಿಪ್ಸ್ ಕೊಡಬೇಡಿ. ಬಾಟಲಿ ನೀರೇ ಕುಡಿಯಿರಿ.)

ಕಳೆದ ವರ್ಷ ನಮ್ಮ ಟೀಮಿನ ಒಬ್ಬಾಕೆ ವಿಯೆಟ್ನಾಮಿಗೆ ಹೊರಟರು. ಇಲ್ಲಿ 'ವಿಯೆಟ್ನಾಂ ಯುದ್ಧ' ಅನ್ನುವುದನ್ನು ಅಲ್ಲಿ 'ಅಮೆರಿಕದ ಯುದ್ಧ' ಅನ್ನುತ್ತಾರೆ ಅಂತ ಎಲ್ಲೋ ಓದಿ ಹೆದರಿಕೊಂಡಿದ್ದರು. ಅಮೆರಿಕದವಳು ಅಂತ ಗೊತ್ತಾದರೆ ಜನ ಮುಖ ತಿರುಗಿಸಿದರೆ? ಯುದ್ಧ ಮುಗಿದದ್ದು 1975ರಲ್ಲಿ, ಈಗ ಅಲ್ಲಿರುವವರಲ್ಲಿ ಹೆಚ್ಚಿನವರು ಹುಟ್ಟಿದ್ದೇ ಅದಾದ ಮೇಲೆ, ಆರಾಮಾಗಿ ಹೋಗಿ ಬನ್ನಿ ಅಂದೆ.

ಎರಡು ವಾರ ಬಿಟ್ಟು ವಾಪಸ್ ಬಂದರು. ಯುದ್ಧದ ಬಗ್ಗೆ ಯಾರೂ ಒಂದು ಮಾತೂ ಎತ್ತಲಿಲ್ಲವಂತೆ. ಆದರೆ ಸಿಕ್ಕಸಿಕ್ಕವರೆಲ್ಲ ವಯಸ್ಸು ಕೇಳಿದರಂತೆ. ಹೋಟೆಲಿನ ಹುಡುಗಿ, ಕಾರಿನ ಡ್ರೈವರ್, ಮಂದ ಹಾಲಿನ ಕಾಫಿ ಮಾರುವ ಹೆಂಗಸು. ಎರಡನೇ ಮಾತಿಗೇ "ನಿಮಗೆಷ್ಟು ವರ್ಷ?" "ಇಷ್ಟೊಂದು ಒಳ್ಳೆಯ ಜನ, ಇದೊಂದು ವಿಷಯದಲ್ಲಿ ಯಾಕೆ ಹಾಗೆ?" ಅಂತ ಬೇಜಾರು ಮಾಡಿಕೊಂಡರು.

ಇದಕ್ಕೆ ಮಾತ್ರ ನನಗೆ ಉತ್ತರ ಗೊತ್ತಿತ್ತು. ವಿಯೆಟ್ನಾಮಿನ ಭಾಷೆಯಲ್ಲಿ ಎದುರಿನವರ ವಯಸ್ಸಿನ ಅಂದಾಜು ಇಲ್ಲದೆ ಬಾಯಿ ತೆರೆಯುವುದೇ ಕಷ್ಟ. ನಿಮಗಿಂತ ದೊಡ್ಡ ಹೆಂಗಸಾದರೆ 'ಚಿ', ಅಂದರೆ ಅಕ್ಕ. ಚಿಕ್ಕವರಾದರೆ 'ಎಮ್'. ಅಪ್ಪ ಅಮ್ಮನ ವಯಸ್ಸಿನವರಿಗೆ ಬೇರೆ ಪದಗಳು. ಮಜಾ ಏನೆಂದರೆ ಅಲ್ಲಿ 'ನಾನು' ಕೂಡ ಬದಲಾಗುತ್ತದೆ. ಅಕ್ಕನ ಮುಂದೆ ನೀವು ನಿಮ್ಮನ್ನೇ 'ಎಮ್' ಅಂದುಕೊಂಡು ಮಾತಾಡಬೇಕು. ಹಾಗಾಗಿ ಆ ಕಾಫಿ ಹೆಂಗಸು ಇಣುಕಿ ನೋಡಿದ್ದು ಇವರ ಖಾಸಗಿ ಬದುಕನ್ನಲ್ಲ, ಮುಂದಿನ ವಾಕ್ಯಕ್ಕೆ ಬೇಕಾದ ಸರ್ವನಾಮವನ್ನು.

ಇಂಗ್ಲಿಷಿನವರಿಗೆ ಇದು ಅರ್ಥವಾಗುವುದು ಕಷ್ಟ, ಪಾಪ. ಮಗುವಿಗೂ 'ಯು', ಮುದುಕರಿಗೂ 'ಯು'. ಜೊತೆಗೆ ಇಲ್ಲಿ ಕೆಲಸದ ಜಾಗದಲ್ಲಿ ವಯಸ್ಸಿನ ಮಾತಿಗೆ ಕಾನೂನಿನ ವಾಸನೆಯೂ ಇದೆ. 40 ದಾಟಿದವರಿಗೆ ವಯಸ್ಸಿನ ಕಾರಣಕ್ಕೆ ತಾರತಮ್ಯ ಮಾಡಬಾರದು ಅಂತ 1967ರಲ್ಲೇ ಕಾಯ್ದೆ ಬಂದಿದೆ. ಒಳ್ಳೆಯ ಕಾಯ್ದೆಯೇ. ಆದರೆ ಅದರ ನೆರಳಲ್ಲಿ ಬೆಳೆದವರಿಗೆ ಆ ಪ್ರಶ್ನೆಯಲ್ಲಿ ಪ್ರೀತಿ ಕಾಣುವುದು ಹೇಗೆ? ನಾಯಿಯ ವಯಸ್ಸನ್ನು ಮಾತ್ರ ಇಲ್ಲಿ ಯಾರು ಬೇಕಾದರೂ ಕೇಳಬಹುದು.

ನಾನೇನು ಸಾಚಾ ಅಲ್ಲ. ಮದುವೆ ಮನೆಯಲ್ಲಿ ಗುರುತಿಲ್ಲದ ಮಾವಂದಿರು "ಎಷ್ಟು ವರ್ಷ ನಿಂಗೆ? ಸಂಬಳ ಎಷ್ಟು?" ಅಂದಾಗ ಉರಿದುಕೊಂಡವನು ನಾನೇ. ಈಗ ಅಮೆರಿಕದವರ ಮುಂದೆ ಕೂತು ಅದೇ ಮಾವಂದಿರ ಪರ ವಾದ ಮಾಡುತ್ತಿದ್ದೇನೆ. ಸಂಬಳದ ಪ್ರಶ್ನೆಗೆ ಯಾವ ವ್ಯಾಕರಣದ ನೆಪವೂ ಇಲ್ಲ, ಅದನ್ನು ಈಗಲೂ ಒಪ್ಪಲ್ಲ. ಆದರೆ ವಯಸ್ಸು? ಈ ಪೋಸ್ಟ್ ಬರೆಯುವಾಗಲೇ ನೋಡಿ, "ಒಬ್ಬಾಕೆ ಹೊರಟಳು" ಅನ್ನಲಾ, "ಹೊರಟರು" ಅನ್ನಲಾ ಅಂತ ಎರಡು ಸಲ ಅಳಿಸಿ ಬರೆದಿದ್ದೇನೆ. ಅವರ ಜೊತೆ ಇಂಗ್ಲಿಷಿನಲ್ಲಿ ಮೂರು ವರ್ಷ ಮಾತಾಡಿದ್ದೇನೆ, ಒಂದು ದಿನವೂ ಈ ಪ್ರಶ್ನೆ ಬಂದಿರಲಿಲ್ಲ.

ಇದನ್ನೂ ಅವರಿಗೆ ಹೇಳಿದೆ. ಸ್ವಲ್ಪ ಯೋಚಿಸಿದರು. ಆಮೇಲೆ ಅತ್ತಿತ್ತ ನೋಡಿ, ದನಿ ಇಳಿಸಿ, "ಸರಿ, ನಿನಗೆಷ್ಟು ವರ್ಷ?" ಅಂದರು. ಹೇಳಿದೆ. "ನಾನು ನಿನಗಿಂತ ನಾಲ್ಕು ವರ್ಷ ದೊಡ್ಡವಳು. ಹಾಗಾದ್ರೆ ನಾನು ಚಿ!"

ಸದ್ಯ, "ಹೊರಟರು" ಸರಿಯಾಗಿಯೇ ಇತ್ತು.