ಸೋತವರ ಸಾಲಿಗೇಕೆ?

ಅಮೆರಿಕದ ಬೇಸ್‌ಬಾಲ್‌ನ ಅತ್ಯುನ್ನತ ಹಂತವಾದ ಮೇಜರ್ ಲೀಗ್ ತಲುಪಲಿಲ್ಲವೆಂಬ ಒಂದೇ ಕಾರಣಕ್ಕೆ ರಿಂಕು ಸಿಂಗ್ ಅವರನ್ನು (ಕ್ರಿಕೆಟಿಗ ರಿಂಕು ಅಲ್ಲ, ಬೇಸ್‌ಬಾಲ್ ಪಿಚರ್, ಅಂದರೆ ಚೆಂಡು ಎಸೆಯುವವರು) ನಾನು ಓದಿದ ಲೇಖನವೊಂದರಲ್ಲಿ ಲೇಖಕರು ಸೋತವರ ಸಾಲಿಗೆ ಸೇರಿಸಿದ್ದಾರೆ. ಒಪ್ಪಲಾರೆ. ಉತ್ತರ ಪ್ರದೇಶದಲ್ಲಿ ಜಾವೆಲಿನ್ ಎಸೆಯುತ್ತಿದ್ದ ಹುಡುಗ 2008ರಲ್ಲಿ ಅಮೆರಿಕದ ಬೇಸ್‌ಬಾಲ್ ತಂಡ ಪಿಟ್ಸ್‌ಬರ್ಗ್ ಪೈರೇಟ್ಸ್ ಜೊತೆ ಒಪ್ಪಂದ ಮಾಡಿಕೊಂಡರು. ಮರುವರ್ಷ ಜುಲೈನಲ್ಲಿ ಕೆಳಹಂತದ ಗಲ್ಫ್ ಕೋಸ್ಟ್ ಲೀಗಿನಲ್ಲಿ ಗೆಲುವು ಅವರ ಹೆಸರಿಗೆ ಬಂತು; ಅಮೆರಿಕದ ವೃತ್ತಿಪರ ಬೇಸ್‌ಬಾಲ್‌ನಲ್ಲಿ ಭಾರತೀಯನೊಬ್ಬನಿಗೆ ಅದೇ ಮೊದಲು. ಅವರು ರಿಲೀಫ್ ಪಿಚರ್, ಅಂದರೆ ಪಂದ್ಯದ ನಡುವೆ ಇನ್ನೊಬ್ಬ ಪಿಚರ್‌ನ ಬದಲಿಗೆ ಇಳಿಯುವವರು; ಅಂಥವರ ಪಾಡನ್ನಾದರೂ ನೋಡಿ. ಗಂಟೆಗಟ್ಟಲೆ ಮೈದಾನದ ಅಂಚಿನಲ್ಲಿ ಕಾಯಬೇಕು, ಕರೆ ಬಂದೊಡನೆ ಇನ್ನೊಬ್ಬರು ಬಿಟ್ಟುಹೋದ ಗಂಡಾಂತರವನ್ನು ಹೆಗಲಿಗೇರಿಸಿಕೊಳ್ಳಬೇಕು. ಕೊನೆಗೆ ಕೈಕೊಟ್ಟದ್ದು ಮೊಣಕೈ, ಛಲವಲ್ಲ. 2018ರಲ್ಲಿ ಅದೇ ಮನುಷ್ಯ ಡಬ್ಲ್ಯುಡಬ್ಲ್ಯುಇ ಕುಸ್ತಿಗೆ ಇಳಿದರು!