ಅತ್ತಿಕಾಯಿಯ ಒಳಗೆ ದೇವರ ಕೈ

ದೇವರಿದ್ದಾನೆ ಅನ್ನೋದಕ್ಕೆ ಪ್ರಕೃತಿಯಲ್ಲಿ ಏನು ಗುರುತಿದೆ ಅಂತ ಕೇಳಿದರೆ ಹೆಚ್ಚಿನವರು ಜೋಗವನ್ನೋ ಹಿಮಾಲಯವನ್ನೋ ತೋರಿಸುತ್ತಾರೆ. ನಾನು ಅತ್ತಿ ಮರ ತೋರಿಸುತ್ತೇನೆ. ಹಳ್ಳದ ದಡದಲ್ಲಿ, ಕಾಂಡಕ್ಕೇ ಅಂಟಿಕೊಂಡಂತೆ ಗೊಂಚಲು ಗೊಂಚಲು ಕಾಯಿ ಬಿಟ್ಟು ನಿಂತಿರುತ್ತದಲ್ಲ, ಅದೇ. ದತ್ತಾತ್ರೇಯನ ಭಕ್ತರಿಗೆ ಅದು ಔದುಂಬರ. ಗಾಣಗಾಪುರದ ಸಂಗಮದಲ್ಲಿ ಜನ ಅದರ ಬುಡದಲ್ಲೇ ಕೂತು ಪಾರಾಯಣ ಮಾಡುತ್ತಾರೆ. ಹಣ್ಣನ್ನು ಮಾತ್ರ ‘ಬಿಡಿಸಿದರೆ ಬರೀ ಹುಳ’ ಅಂತ ಎಸೆಯುತ್ತೇವೆ. ನನಗೆ ಹೇಳಬೇಕಿರುವುದು ಆ ಹುಳದ ಬಗ್ಗೆಯೇ.

ಅತ್ತಿ ಹೂವನ್ನು ಕಂಡವರಿಲ್ಲ ಅಂತ ಹಿರಿಯರು ಹೇಳುವುದುಂಟು. ಹೂವು ಇದೆ. ನಾವು ಕಾಯಿ ಅನ್ನುವುದರ ಒಳಗೋಡೆಯ ತುಂಬ ಲೆಕ್ಕವಿಲ್ಲದಷ್ಟು ಪುಟ್ಟ ಹೂಗಳಿವೆ. ಅಲ್ಲಿಗೆ ಜೇನು ಹೋಗಲಾರದು, ಚಿಟ್ಟೆ ಹೋಗಲಾರದು. ಕಾಯಿಯ ತುದಿಯಲ್ಲಿ ಒಂದು ಸಣ್ಣ ಕಿಂಡಿ ಇರುತ್ತದೆ, ಅದಕ್ಕೂ ಒತ್ತೊತ್ತಾಗಿ ಮುಚ್ಚಳ.

ಆ ಕಿಂಡಿಯಲ್ಲಿ ನುಸುಳುವುದು ಒಂದು ಕಣಜ. ಎರಡು ಮಿಲಿಮೀಟರ್ ಆಸುಪಾಸಿನ ಜೀವ. ಹೂಗಳು ಸಿದ್ಧವಾದಾಗ ಮರ ಒಂದು ವಾಸನೆ ಬಿಡುತ್ತದೆ. ಅದನ್ನು ಹಿಡಿದು ಹೆಣ್ಣು ಕಣಜ ಹುಡುಕಿಕೊಂಡು ಬರುತ್ತದೆ. ಇದರ ಹತ್ತಿರದ ನೆಂಟ ಕಣಜವೊಂದು ನಮೀಬಿಯಾದ ಮರುಭೂಮಿಯಲ್ಲಿ 160 ಕಿಲೋಮೀಟರ್ ದೂರದವರೆಗೂ ಪರಾಗ ಒಯ್ದದ್ದು ದಾಖಲಾಗಿದೆ! ಕಿಂಡಿಯಲ್ಲಿ ನುಗ್ಗುವಾಗ ರೆಕ್ಕೆ ಹರಿದುಹೋಗುತ್ತದೆ. ಮತ್ತೆ ಹೊರಗೆ ಬರುವ ಮಾತಿಲ್ಲ. ಎದೆಯ ಪುಟ್ಟ ಚೀಲದಲ್ಲಿ ತಂದ ಪರಾಗವನ್ನು ಹೂಗಳಿಗೆ ಹಚ್ಚುತ್ತದೆ, ಕೆಲವು ಹೂಗಳಲ್ಲಿ ಮೊಟ್ಟೆ ಇಡುತ್ತದೆ, ಅಲ್ಲೇ ಸಾಯುತ್ತದೆ.

ಮರಿಗಳಲ್ಲಿ ಗಂಡು ಮೊದಲು ಹೊರಬರುತ್ತದೆ. ಅದಕ್ಕೆ ರೆಕ್ಕೆಯೇ ಇಲ್ಲ. ಹೆಣ್ಣುಗಳ ಜೊತೆ ಕೂಡಿ, ಅವು ಹಾರಿಹೋಗಲು ಕಾಯಿಯ ಗೋಡೆ ಕೊರೆದು ದಾರಿ ಮಾಡಿಕೊಡುತ್ತದೆ. ಬಹುಪಾಲು ಗಂಡುಗಳ ಬದುಕು ಅಲ್ಲಿಗೇ ಮುಗಿಯುತ್ತದೆ. ಅದೇ ಹೊತ್ತಿಗೆ ಗಂಡು ಹೂಗಳಲ್ಲಿ ಪರಾಗ ಬಲಿತಿರುತ್ತದೆ. ಹೆಣ್ಣುಗಳು ಅದನ್ನು ತುಂಬಿಕೊಂಡು ಹೊರಡುತ್ತವೆ. ಈ ಹೊತ್ತು ಸ್ವಲ್ಪ ತಪ್ಪಿದರೂ ಎಲ್ಲಾ ವ್ಯರ್ಥ, ಅಲ್ವಾ?

ಇದು ಕೋಟ್ಯಂತರ ವರ್ಷಗಳ ವಿಕಾಸದ ಫಲ ಅನ್ನುತ್ತದೆ ವಿಜ್ಞಾನ. ಪೂರ್ತಿ ಒಪ್ಪುತ್ತೇನೆ. ಆಲ, ಅರಳಿ, ಬಸರಿ ಎಲ್ಲಾ ಸೇರಿ ಈ ಕುಲದಲ್ಲಿ 750ಕ್ಕೂ ಹೆಚ್ಚು ಜಾತಿಗಳಿವೆ. ಹೆಚ್ಚಿನವಕ್ಕೆ ತಮ್ಮದೇ ಕಣಜ ಇದೆ. ಒಂದನ್ನೊಂದು ತಿದ್ದಿಕೊಳ್ಳುತ್ತಾ ಬಂದಿವೆ. ವಿಜ್ಞಾನಕ್ಕೆ ಇನ್ನೂ ತಿಳಿಯದ ಜಾಗ ಹುಡುಕಿ ಅಲ್ಲಿ ದೇವರನ್ನು ಕೂರಿಸುವುದು ನನಗೆ ಇಷ್ಟವಿಲ್ಲ. ಹಾಗೆ ಮಾಡಿದರೆ ಪ್ರತಿ ಹೊಸ ಸಂಶೋಧನೆಗೂ ದೇವರು ಜಾಗ ಖಾಲಿ ಮಾಡಬೇಕಾಗುತ್ತದೆ. ನನ್ನ ಪ್ರಶ್ನೆ ಅದಕ್ಕಿಂತ ಹಿಂದಿನದು. ಜಡ ವಸ್ತುವಿನಿಂದ ವಾಸನೆ ಹಿಡಿಯುವ, ಹೊತ್ತು ತಿಳಿಯುವ ಜೀವ ಮೂಡುವಂಥ ನಿಯಮಗಳು ಈ ಲೋಕದಲ್ಲಿ ಯಾಕಿವೆ? ವಿಕಾಸ ಆ ನಿಯಮಗಳ ಮೇಲೆ ನಡೆಯುತ್ತದೆ. ನಿಯಮಗಳನ್ನು ಅದು ಮಾಡಲಿಲ್ಲ. ಅಲ್ಲಿ ನನಗೆ ಕರ್ತೃ ಕಾಣುತ್ತಾನೆ.

ಇನ್ನು ಕಷ್ಟದ ಮಾತು. ಅತ್ತಿಕಾಯಿಗೆ ಇನ್ನೊಂದು ಬಗೆಯ ಕಣಜವೂ ಬರುತ್ತದೆ. ಅದು ಒಳಗೆ ಹೋಗುವುದಿಲ್ಲ. ಹೊರಗೇ ನಿಂತು ಸೂಜಿಯಂಥ ಅಂಗದಿಂದ ಕಾಯಿಯನ್ನು ಕೊರೆದು, ಒಳಗಿರುವ ಬೇರೆ ಕಣಜಗಳ ಮರಿಗಳ ಹತ್ತಿರ ಮೊಟ್ಟೆ ಇಡುತ್ತದೆ. ಅದರ ಮರಿ ಆ ಮರಿಗಳನ್ನು ತಿಂದು ಬೆಳೆಯುತ್ತದೆ. ಆ ಸೂಜಿಯ ತುದಿಯ ಹಲ್ಲುಗಳು ಸತುವಿನಿಂದ ಗಟ್ಟಿಯಾಗಿವೆ ಅಂತ 2014ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ತೋರಿಸಿದರು. ಇಷ್ಟು ನಾಜೂಕಿನ ಉಪಕರಣ, ಬಳಕೆ ಮಾತ್ರ ಇಂಥದ್ದಕ್ಕೆ. 1860ರಲ್ಲಿ ಡಾರ್ವಿನ್ ಗೆಳೆಯ ಏಸಾ ಗ್ರೇಗೆ ಬರೆದ ಪತ್ರದಲ್ಲಿ ಇಂಥದ್ದೇ ಕಣಜಗಳ ಮಾತೆತ್ತಿದ. ಕರುಣಾಮಯಿ ದೇವರು ಬೇಕೆಂದೇ ಇವನ್ನು ಸೃಷ್ಟಿಸಿದ ಅಂತ ನಂಬಲು ಅವನಿಗೆ ಆಗಲಿಲ್ಲ. ಗ್ರೇ ಅಮೆರಿಕದ ಸಸ್ಯವಿಜ್ಞಾನಿ. ಡಾರ್ವಿನ್‌ನ ಸಿದ್ಧಾಂತವನ್ನು ಅಲ್ಲಿ ಮುಂದೆ ನಿಂತು ಸಮರ್ಥಿಸಿದವನು, ದೇವರನ್ನೂ ಬಿಡದವನು.

ಡಾರ್ವಿನ್‌ನ ಪ್ರಶ್ನೆಯನ್ನು ಸುಮ್ನೆ ಪಕ್ಕಕ್ಕೆ ತಳ್ಳುವ ಆಸ್ತಿಕರನ್ನು ಕಂಡರೆ ನನಗೆ ಬೇಜಾರಾಗುತ್ತದೆ. ಆ ಮರಿಯ ಸಾವಿಗೆ ಸಮಾಧಾನ ಹೇಳುವ ಉತ್ತರ ನನ್ನ ಹತ್ತಿರವೂ ಇಲ್ಲ. ಆದರೆ ಇನ್ನೊಂದು ಸಂಗತಿಯನ್ನೂ ಅದರ ಪಕ್ಕದಲ್ಲೇ ಇಟ್ಟು ನೋಡುತ್ತೇನೆ. ಕಾಯಿಯಿಂದ ಹೊರಬಂದ ಹೆಣ್ಣು ಕಣಜದ ಆಯಸ್ಸು ಒಂದೆರಡು ದಿನ. ಅಷ್ಟರಲ್ಲಿ ಅದಕ್ಕೆ ಇನ್ನೊಂದು ಮರ ಸಿಗಬೇಕು. ಹಾಗಾಗಿ ಅತ್ತಿ ಮರಗಳೆಲ್ಲ ಒಂದೇ ಕಾಲಕ್ಕೆ ಕಾಯಿ ಬಿಟ್ಟರೆ ಕಣಜದ ಕುಲವೇ ಅಳಿಯುತ್ತದೆ. ಒಂದೊಂದು ಮರ ಒಂದೊಂದು ಹೊತ್ತಿಗೆ ಬಿಡುತ್ತದೆ. ಆದ್ದರಿಂದಲೇ ಬೇರೆ ಹಣ್ಣು ಸಿಗದ ತಿಂಗಳುಗಳಲ್ಲೂ ದಾಂಡೇಲಿಯ ಮಂಗಟ್ಟೆ ಹಕ್ಕಿಗೆ, ಮಂಗಗಳಿಗೆ, ಬಾವಲಿಗಳಿಗೆ ಅತ್ತಿ, ಆಲ, ಬಸರಿಯ ಹಣ್ಣು ಎಲ್ಲಾದರೂ ಸಿಗುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಹುಳದ ಅಗತ್ಯದಿಂದ ಇಡೀ ಕಾಡಿಗೆ ಊಟ. ಡಾರ್ವಿನ್ ಕಂಡ ಕ್ರೌರ್ಯ ನನಗೂ ಕಾಣುತ್ತದೆ, ಈ ಅನ್ನದಾನವೂ ಕಾಣುತ್ತದೆ. ಎರಡನ್ನೂ ತೂಗಿ ನೋಡಿದಾಗ ನಾನು ಗ್ರೇ ಕಡೆಯವನು.