ಪ್ರಧಾನಿಯ ಏಕಪಾತ್ರಾಭಿನಯ

ಬ್ರಿಟಿಷ್ ಸಂಸತ್ತು ರಂಗಭೂಮಿಗೆ ಸಲ್ಲಿಸಿದ ಸೇವೆಯನ್ನು ನೆನೆಯುವವರು 1737ರ ಒಂದು ಅಪೂರ್ವ ಪ್ರದರ್ಶನವನ್ನು ಮರೆಯಬಾರದು. ಎರಡನೇ ಜಾರ್ಜ್ ಆಳುತ್ತಿದ್ದ ಆ ದಿನಗಳಲ್ಲಿ ಹೆನ್ರಿ ಫೀಲ್ಡಿಂಗ್ ಎಂಬ ನಾಟಕಕಾರ ಹೇಮಾರ್ಕೆಟ್‌ನ ಪುಟ್ಟ ರಂಗಮಂದಿರದಲ್ಲಿ ಪ್ರಧಾನಿ ರಾಬರ್ಟ್ ವಾಲ್ಪೋಲನನ್ನು ಗೇಲಿ ಮಾಡುತ್ತಿದ್ದ. ಜನ ದುಡ್ಡು ಕೊಟ್ಟು ಬಂದು ನಗುತ್ತಿದ್ದರು. ವಿರೋಧಿಗಳ ಭಾಷಣಗಳನ್ನೆಲ್ಲ 16 ವರ್ಷ ಜೀರ್ಣಿಸಿಕೊಂಡಿದ್ದ ಪ್ರಧಾನಿಗೆ ಈ ನಗು ಮಾತ್ರ ದಕ್ಕಲಿಲ್ಲ.

ಅಷ್ಟರಲ್ಲಿ ಹೆನ್ರಿ ಗಿಫರ್ಡ್ ಎಂಬ ರಂಗಮಂದಿರದ ಯಜಮಾನ ‘ದಿ ಗೋಲ್ಡನ್ ರಂಪ್’ ಎಂಬ ನಾಟಕದ ಹಸ್ತಪ್ರತಿಯನ್ನು ತಂದು ವಾಲ್ಪೋಲನ ಕೈಗಿತ್ತ. ಮಹಾರಾಜರ ಪೃಷ್ಠವೇ ಅದರ ಕಥಾವಸ್ತು. ಬರೆದವರು ಯಾರೆಂಬುದು ಇಂದಿಗೂ ಗೊತ್ತಿಲ್ಲ. ವಾಲ್ಪೋಲನೇ ಬರೆಸಿದನೆಂಬ ಗುಮಾನಿಯೂ ಹೋಗಿಲ್ಲ. ಯಾವ ರಂಗವನ್ನೂ ಏರದ ಆ ನಾಟಕದ ಆಯ್ದ ಭಾಗಗಳನ್ನು ಪ್ರಧಾನಿಯವರು ಸದನದಲ್ಲಿ ಓದಿ ತೋರಿಸಿದರಂತೆ. ಹೀಗೆ, ದೇಶದ ಯಾವ ಪ್ರಜೆಯೂ ನೋಡಬಾರದಷ್ಟು ಅಶ್ಲೀಲವಾದ ಕೃತಿಯನ್ನು ಪ್ರಜೆಗಳ ಪ್ರತಿನಿಧಿಗಳು ಗಂಭೀರವಾಗಿ ಕೂತು ಆಲಿಸಿ, ಬೇರೆ ಯಾರಿಗೂ ಆ ಕಷ್ಟ ಬಾರದಿರಲೆಂದು ಕಾನೂನು ಮಾಡಿದರು.

ಆ ಕಾನೂನಿನಂತೆ ಹೊಸ ನಾಟಕವನ್ನು ಆಡುವ 14 ದಿನ ಮೊದಲು ಅದರ ಪ್ರತಿಯನ್ನು ಲಾರ್ಡ್ ಚೇಂಬರ್ಲೇನ್‌ಗೆ ಒಪ್ಪಿಸಬೇಕಿತ್ತು. ಅರಮನೆಯ ಸಮಾರಂಭಗಳ ಉಸ್ತುವಾರಿ ಹೊತ್ತವನಿಗಿಂತ ಉತ್ತಮ ಸಾಹಿತ್ಯ ವಿಮರ್ಶಕ ಎಲ್ಲಿ ಸಿಕ್ಕಾನು? ಹಾಸ್ಯವೂ ಒಂದು ಆಸ್ತಿ, ಅದುಳ್ಳವರಿಗೆ ಎಷ್ಟೋ ಸಲ ಅದೊಂದೇ ಆಸ್ತಿ ಎಂದು ಮೇಲ್ಮನೆಯಲ್ಲಿ ಲಾರ್ಡ್ ಚೆಸ್ಟರ್‌ಫೀಲ್ಡ್ ವಾದಿಸಿದ. ಮಾತು ಚೆನ್ನಾಗಿತ್ತು, ಮಸೂದೆ ಅಂಗೀಕಾರವಾಯಿತು. ಬಾಯಿ ಕಟ್ಟಿಸಿಕೊಂಡ ಫೀಲ್ಡಿಂಗ್ ಕಾನೂನು ಓದಿ ಮ್ಯಾಜಿಸ್ಟ್ರೇಟನಾದ, ನಡುವೆ ಕಾದಂಬರಿಕಾರನೂ ಆದ. (ಇಂಗ್ಲಿಷ್ ಕಾದಂಬರಿಯ ಅಭಿಮಾನಿಗಳು ವಾಲ್ಪೋಲನಿಗೊಂದು ಪ್ರತಿಮೆ ನಿಲ್ಲಿಸಿದರೆ ತಪ್ಪಿಲ್ಲ.)

ಚೇಂಬರ್ಲೇನರ ಜಾಗರೂಕತೆ ರಾಜರು ಬದಲಾದರೂ ಕುಂದಲಿಲ್ಲ. 1885ರಿಂದ ಲಂಡನ್ನನ್ನು ನಗಿಸುತ್ತಿದ್ದ, ಜಪಾನಿನಲ್ಲಿ ನಡೆಯುವ ಹಾಸ್ಯ ಗೀತನಾಟಕ ‘ದಿ ಮಿಕಾಡೊ’ 1907ರಲ್ಲಿ ಇದ್ದಕ್ಕಿದ್ದಂತೆ ಅಪಾಯಕಾರಿಯಾಯಿತು. ಜಪಾನಿನ ರಾಜಕುಮಾರ ಫುಶಿಮಿ ಅತಿಥಿಯಾಗಿ ಬರುವವರಿದ್ದರು. ವಿಕ್ಟೋರಿಯಾ ರಾಣಿಯನ್ನು ರಂಗದ ಮೇಲೆ ತರಲು, ಆಕೆ ಪಟ್ಟವೇರಿ ನೂರು ವರ್ಷ ತುಂಬಿದ 1937ರವರೆಗೆ ಕಾಯಬೇಕಾಯಿತು.

ನಾಟಕಗಳನ್ನು ತಡೆಯುವ ಚೇಂಬರ್ಲೇನರ ಈ ಅಧಿಕಾರವನ್ನು ಸಂಸತ್ತು 1968ರಲ್ಲಿ ಕಿತ್ತುಹಾಕಿತು. ವೇಲ್ಸ್ ರಾಜಕುಮಾರನಿಗೆ ಕಲ್ಕತ್ತೆಯಲ್ಲಿ ಸಿಕ್ಕ ಸತ್ಕಾರವನ್ನು ನಾಟಕದವರು ಲೇವಡಿ ಮಾಡಿದ್ದಕ್ಕೆ ಬ್ರಿಟಿಷ್ ಸರ್ಕಾರ 1876ರಲ್ಲಿ ನಮ್ಮ ಮೇಲೆ ಹೇರಿದ ನಾಟಕ ಪ್ರದರ್ಶನ ಕಾಯ್ದೆಯನ್ನಾದರೋ, ಲಂಡನ್ ತನ್ನದನ್ನು ಕೈಬಿಟ್ಟ ಮೇಲೂ ಅರ್ಧ ಶತಮಾನ ಜೋಪಾನವಾಗಿ ಇಟ್ಟುಕೊಂಡಿದ್ದು ಸ್ವತಂತ್ರ ಭಾರತ 2018ರಲ್ಲಿ ರದ್ದುಮಾಡಿತು.